ಕಾರಿನ ಮಡಿ

ನಮ್ಮ ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೆ ಅಡ್ಡವಾಗಿ ಅಪ್ಪ ಕಾರು ನಿಲ್ಲಿಸಿದರು. ಪೀಣ್ಯದ ಕಾರ್ಖಾನೆಗಳ ಕಾಂಪೌಂಡು ಮುಗಿದು ಹಳೇ ಊರು ಶುರುವಾಗುವ ಕಡೆ ಮುನಿಯಮ್ಮ ಅನ್ನುವವರ ನಾಲ್ಕು ಬಾಡಿಗೆ ಮನೆಗಳ ಸಾಲಿತ್ತು. ಕೊನೆಯದು ನಮ್ಮದು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಪಕ್ಕದ ಓಣಿಗೆ ತಗಡು ಹೊದಿಸಿ ಅಪ್ಪ ಕಾರಿಗೆ ಶೆಡ್ಡು ಮಾಡಿಸಿದ ದಿನದಿಂದ ಅಮ್ಮ ಹಗಲು ಹೊತ್ತಿನಲ್ಲೂ ಲೈಟು ಹಾಕಿಕೊಂಡು ಮುದ್ದೆ ತಿರುವಬೇಕಾಯಿತು. ಕರೆಂಟು ಹೋದರೆ ಕತ್ತಲಲ್ಲೇ ತಿರುವುತ್ತಿದ್ದಳು. ಉಪ್ಪೆಸರಿಗೆ, ಹುರುಳಿಕಾಳಿನ ಸಾರಿಗೆ, ಕೊನೆಗೆ ಮಜ್ಜಿಗೆಗೂ ಸಣ್ಣಗೆ ಪೆಟ್ರೋಲ್ ವಾಸನೆ ಇರುತ್ತಿತ್ತು. ನಾವು ಮೂರೇ ಜನ, ಅಪ್ಪ, ಅಮ್ಮ, ನಾನು. ಕಾರಿನ ಜೊತೆ ನಾಲ್ಕು ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ ಅಂತ ನಮಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ನಾವು ಲಿಂಗವಂತರು. ಅಪ್ಪ ಚಿತ್ರದುರ್ಗದ ಕಡೆಯವರು, ಅಮ್ಮ ಶಿರಾ ಹತ್ತಿರದ ಹಳ್ಳಿಯವಳು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಅಮ್ಮ ಕಾಲು ಗಂಟೆ ಯಾರಿಗೂ ಸಿಗುತ್ತಿರಲಿಲ್ಲ. ತಿಂಗಳ ಆ ದಿನಗಳಲ್ಲೂ ಅಷ್ಟೇ, ಆ ಕಾಲು ಗಂಟೆ ತಪ್ಪುತ್ತಿರಲಿಲ್ಲ. ಸಾಲಿನ ಉಳಿದ ಮೂರು ಮನೆಗಳ ಹೆಂಗಸರು ಆ ಮೂರು ದಿನ ಹಿತ್ತಲ ಜಗುಲಿಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆ ಇಟ್ಟುಕೊಂಡು ಕೂರುತ್ತಿದ್ದರು. 'ಹೊರಗಾಗಿದೀನಿ' ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತೇ ಇರಲಿಲ್ಲ. ಅಮ್ಮ 'ತಿಂಗಳದು' ಅನ್ನುತ್ತಿದ್ದಳು, ಅಷ್ಟೆ. ಅಪ್ಪನಿಗೆ ಇದು ದೊಡ್ಡ ಹೆಮ್ಮೆ. ಪಕ್ಕದ ಮನೆಯವರು ಸಿಕ್ಕಾಗಲೆಲ್ಲ ಒಂದು ಭಾಷಣ ಆಗುತ್ತಿತ್ತು.

"ಮೈಮೇಲೆ ಲಿಂಗ ಇರೋವಾಗ ಮೈಲಿಗೆ ಎಲ್ಲಿಂದ ಬರುತ್ತೆ ಹೇಳಿ. ನಮ್ಮಲ್ಲಿ ಅದೆಲ್ಲ ಇಲ್ಲ ಕಣ್ರೀ. ಯಾವತ್ತೋ ಬಿಟ್ಟಿದೀವಿ."

ಹೀಗೆ ಹೇಳುತ್ತಿದ್ದ ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು ಇದು ಸರಿ, ಇದು ತಿರಸ್ಕೃತ ಅಂತ ಮುದ್ರೆ ಒತ್ತುವ ಕೆಲಸ. ಕೂದಲಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವೂ ಅವರ ಕಣ್ಣಿಗೆ ಬೀಳುತ್ತಿತ್ತು. ಮನೆಗೆ ಬಂದ ಮೇಲೂ ಮುದ್ರೆ ಒತ್ತುವುದು ನಿಲ್ಲುತ್ತಿರಲಿಲ್ಲ. ರೊಟ್ಟಿ ಒಂದು ಕಡೆ ದಪ್ಪ, ನನ್ನ ಜಡೆ ಒಂದು ಕಡೆ ಸಡಿಲ, ಗೋಡೆಯ ಫೋಟೋ ಎಡಕ್ಕೆ ವಾಲಿದೆ. ಅಳೆದು ನೋಡದೆ ಏನನ್ನೂ ನಂಬಬಾರದು ಅನ್ನುತ್ತಿದ್ದರು. ಅವರು ಹೇಳಿದ್ದನ್ನು ಮಾತ್ರ ನಾವು ಅಳೆಯದೆ ನಂಬಬೇಕಾಗಿತ್ತು.

ಕಾರನ್ನು ಕೊಂಡದ್ದು ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಧಿಕಾರಿಯಿಂದ. ನನಗಿಂತ ಹತ್ತು ವರ್ಷ ಹಿರಿಯ ಕಾರು, ಹುಳಿ ಮೊಸರಿನ ಬಣ್ಣ. ಬಂದಾಗಲೇ ಅದರ ಕಾಯಿಲು ಸತ್ತಿತ್ತು. ಕಾಯಿಲು ಅಂದರೆ ಗಿಡ್ಡ ಟಾರ್ಚಿನ ಗಾತ್ರದ ಒಂದು ಡಬ್ಬಿ. ಬ್ಯಾಟರಿಯ ಸಣ್ಣ ಕರೆಂಟನ್ನು ದೊಡ್ಡದು ಮಾಡಿ ಪ್ಲಗ್ಗಿಗೆ ಕಳಿಸುವುದು ಅದರ ಕೆಲಸ. ಪ್ಲಗ್ಗಿನಲ್ಲಿ ಕಿಡಿ ಹಾರಿದರೆ ಗಾಡಿ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಕಾಯಿಲು ತನ್ನಿ ಅಂತ ಎಲ್ಲರೂ ಹೇಳಿದರು. ಅಪ್ಪ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಯಾವುದೋ ಬೇರೆ ಜಾತಿಯ ದೊಡ್ಡ ಗಾಡಿಯ ಕಾಯಿಲೊಂದನ್ನು ಆರಿಸಿ ತಂದು ತಾವೇ ಕೂರಿಸಿದರು. ಕಿಡಿ ಉಗುರಿನಷ್ಟು ಉದ್ದ ಹಾರಿತು. ಸಾಲಿನ ಗಂಡಸರನ್ನೆಲ್ಲ ಕರೆದು ತೋರಿಸಿದರು. ಅಂಥ ನೀಲಿ ಕಿಡಿ ಹೊಸ ಕಾರಿನಲ್ಲೂ ಸಿಗಲ್ಲ ಅಂದರು. ಆ ದಿನ ಅವರ ಮುಖದಲ್ಲಿದ್ದ ಸಂತೋಷ ನಾನು ಹುಟ್ಟಿದ ದಿನ ಇತ್ತೋ ಇಲ್ಲವೋ ಗೊತ್ತಿಲ್ಲ.

ಮನೆಯ ಹತ್ತಿರ ಓಡಾಡುವಾಗ ಕಾರು ಚೆನ್ನಾಗಿಯೇ ಇತ್ತು. ದೂರ ಹೊರಟರೆ, ಅದೂ ಬಿಸಿಲಲ್ಲಿ, ಗಂಟೆ ಕಳೆಯುವಷ್ಟರಲ್ಲಿ ಎರಡು ಸಲ ಮುಗ್ಗರಿಸಿ ರಸ್ತೆ ಪಕ್ಕ ನಿಂತುಬಿಡುತ್ತಿತ್ತು. ಆಗ ಶುರುವಾಗುತ್ತಿತ್ತು ಅಪ್ಪನ ತಪಾಸಣೆ. ಮೊದಲು ಪೆಟ್ರೋಲು ಬರುತ್ತಿದೆಯೋ ನೋಡಬೇಕು. ಆಮೇಲೆ ಬ್ಯಾಟರಿಯ ತಂತಿ. ಆಮೇಲೆ ಒಂದು ಪ್ಲಗ್ಗಿನ ವೈರು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗೀ ತಾಗದ ಹಾಗೆ ಯಾರಾದರೂ ಹಿಡಿಯಬೇಕು. ಅಪ್ಪ ಒಳಗೆ ಕೂತು ಕೀ ತಿರುಗಿಸುತ್ತಾರೆ, ಹಿಡಿದವರು ಕಿಡಿ ಹಾರಿತೋ ಇಲ್ಲವೋ ಹೇಳಬೇಕು. ಹಿಡಿಯುತ್ತಿದ್ದದ್ದು ಅಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳೇ ಬಟ್ಟೆಯಲ್ಲಿ ವೈರು ಹಿಡಿದು, ಬಾನೆಟ್ಟಿನ ಕೆಳಗೆ ಬಗ್ಗಿ ನಿಲ್ಲುತ್ತಿದ್ದಳು. ಎಷ್ಟು ಹುಷಾರಾಗಿ ಹಿಡಿದರೂ ಒಮ್ಮೊಮ್ಮೆ ಹೊಡೆಯುತ್ತಿತ್ತು.

"ಕರೆಂಟ್ ಇದೆಯಾ?"

"ಇಲ್ಲ."

"ಸರಿಯಾಗಿ ಹಿಡ್ಕೋ. ಈಗ?"

"ಇಲ್ಲಾರೀ."

ಕರೆಂಟ್ ಇಲ್ಲ ಅಂದಮೇಲೆ ಪ್ಲಗ್ಗು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು, ಪಾಯಿಂಟ್ ಉಜ್ಜಿ ಸಂದು ಅಳೆಯುವ ಫಿಲ್ಲರ್ ಗೇಜಿನ ತೆಳು ಎಸಳು ತೂರಿಸಿ ನೋಡುವುದು, ಕಂಡೆನ್ಸರ್ ಬದಲಾಯಿಸುವುದು. ಇಷ್ಟೆಲ್ಲ ಮಾಡುವಷ್ಟರಲ್ಲಿ ಅರ್ಧ ಮುಕ್ಕಾಲು ಗಂಟೆ. ಆಮೇಲೆ ಕೀ ತಿರುಗಿಸಿದರೆ ಗಾಡಿ ಏನೂ ಆಗಿಲ್ಲ ಎನ್ನುವಂತೆ ಶುರುವಾಗುತ್ತಿತ್ತು. ಕೊನೆಗೆ ಯಾವುದನ್ನು ಮುಟ್ಟಿದ್ದರೋ ಅದಕ್ಕೇ ಯಶಸ್ಸಿನ ಕಿರೀಟ. ಒಂದು ಸಲ ಪ್ಲಗ್ಗು, ಇನ್ನೊಂದು ಸಲ ಪಾಯಿಂಟು, ಮತ್ತೊಂದು ಸಲ ಕಂಡೆನ್ಸರು. ಹಾಗೆ ಒಂದೊಂದನ್ನೇ ಅಪರಾಧಿ ಮಾಡುತ್ತಾ ಬಂದರು, ಒಂದೊಂದನ್ನೂ ಹೊಸದು ಹಾಕುತ್ತಾ ಬಂದರು. ಕಾಯಿಲಿನ ಮೇಲೆ ಮಾತ್ರ ಕೈ ಇಡಲಿಲ್ಲ, ಅದು ಅವರೇ ಆರಿಸಿ ತಂದದ್ದು.

ಪ್ಲಗ್ಗುಗಳ ಹಸಿ ಹೋಗಲಿ ಅಂತ ಅವನ್ನು ಅಮ್ಮನ ಒಲೆಯ ಮೇಲೆ ಕಾಯಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ರೊಟ್ಟಿ ಹಂಚು ಕೆಳಗಿಳಿಯುತ್ತಿತ್ತು, ನಾಲ್ಕು ಪ್ಲಗ್ಗು ಮೇಲೇರುತ್ತಿದ್ದವು. ಅಮ್ಮ ಹಿಟ್ಟಿನ ಕೈಯಲ್ಲೇ ಕಾಯುತ್ತಾ ನಿಂತಿರುತ್ತಿದ್ದಳು.

"ಬೆಂದವಾ? ಬಡಿಸ್ಲಾ?" ಅಂತ ಒಂದು ದಿನ ಕೇಳಿದಳು. ನಾನು ನಕ್ಕೆ. ಅಪ್ಪ ನಗಲಿಲ್ಲ. ಆ ದಿನ ಮಧ್ಯಾಹ್ನದವರೆಗೂ ಊಟಕ್ಕೆ ಕೂರಲಿಲ್ಲ. ಅಪ್ಪ ಕೂರದೆ ನಾವು ಕೂರುವ ಹಾಗಿರಲಿಲ್ಲ. ನಮ್ಮ ಮನೆಯ ಜಗಳಗಳು ಹೀಗೇ, ಮಾತಿಲ್ಲದೆ, ಹಸಿವಿನಲ್ಲಿ ನಡೆಯುತ್ತಿದ್ದವು.

ಆಯುಧಪೂಜೆಯ ದಿನ ಕಾರಿಗೆ ಹೂವು ಹಾಕಿ, ನಿಂಬೆಹಣ್ಣು ಚಕ್ರದಡಿ ಇಟ್ಟಾಗ ಮುನಿಯಮ್ಮನವರು ಎಲೆಅಡಿಕೆ ಜಗಿಯುತ್ತಾ ನೋಡುತ್ತಿದ್ದರು. ಅವರದು ಆ ಊರಿನ ಹಳೇ ಮನೆತನ.

"ನೋಡಪ್ಪಾ, ಗಾಡಿ ಅಂದ್ರೆ ದ್ಯಾವ್ರು ಇದ್ದಂಗೆ. ಎಣ್ಮಕ್ಳು ಒರಗಾದಾಗ ಅತ್ರ ಬಿಟ್ಕೋಬಾರ್ದು. ನಿಮ್ಮನೇಲಿ ಅದೆಲ್ಲ ನೋಡಾಕಿಲ್ಲ, ಅದ್ಕೇ ಇಂಗೆ ನಿಂತ್ಕಂತದೆ."

ಅಪ್ಪ ಜೋರಾಗಿ ನಕ್ಕರು. ಒಳಗೆ ಬಂದು ಅಮ್ಮನಿಗೂ ಹೇಳಿ ಇನ್ನೊಮ್ಮೆ ನಕ್ಕರು. ಆ ನಗು ಮುಂದಿನ ಬೇಸಿಗೆಯವರೆಗೆ ಬಾಳಿತು.

ಬೇಸಿಗೆಯಲ್ಲಿ ಅಮ್ಮನ ತವರಿನ ಕಡೆ ಒಂದು ಮದುವೆ. ಡಾಬಸ್‌ಪೇಟೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ನಿಂತಿತು. ಪ್ಲಗ್ಗು, ಪಾಯಿಂಟು, ಕಂಡೆನ್ಸರು ಎಲ್ಲ ಹಿಂದಿನ ವಾರವೇ ಹೊಸದಾಗಿದ್ದವು. ಬಿಚ್ಚಲು ಏನೂ ಉಳಿದಿರಲಿಲ್ಲ. ಅಮ್ಮ ರೇಷ್ಮೆ ಸೀರೆಯಲ್ಲೇ ವೈರು ಹಿಡಿದು ನಿಂತಿದ್ದಳು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅಪ್ಪ ಸೀಟಿನಿಂದ ಇಳಿದು ಬಂದರು. ಒಂದು ನಿಮಿಷ ಅಮ್ಮನ ಕೈಯನ್ನೇ ನೋಡಿದರು.

"ಗಿರಿಜಾ, ನೀನು ಹೊರಗಾಗಿದೀಯಾ?"

ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಮ್ಮನಿಗೂ ಅದೇ ಮೊದಲಿರಬೇಕು. ಅವಳು ನನ್ನ ಕಡೆ ನೋಡಿದಳು, ಆಮೇಲೆ ರಸ್ತೆಯ ಕಡೆ.

"ನಿನ್ನೆಯಿಂದ. ಅದ್ಯಾಕೀಗ?"

"ವೈರು ಸುಮಾ ಕೈಗೆ ಕೊಡು. ಹೋಗಿ ಆ ಹುಣಸೇಮರದ ಕೆಳಗೆ ನಿಂತ್ಕೋ."

ಅಮ್ಮ ಹೋಗಿ ನಿಂತಳು. ಅಪ್ಪ ಬೆವರೊರೆಸಿಕೊಂಡು, ನೀರು ಕುಡಿದು, ಒಂದಷ್ಟು ಹೊತ್ತು ಸುಮ್ಮನೆ ಕೂತಿದ್ದು, ಮತ್ತೆ ಕೀ ತಿರುಗಿಸಿದರು. ನನ್ನ ಕೈಯಲ್ಲಿದ್ದ ವೈರಿನಿಂದ ಕಿಡಿ ಹಾರಿತು. ವೈರು ಮತ್ತೆ ಪ್ಲಗ್ಗಿಗೆ ಸಿಕ್ಕಿಸಿದ್ದೇ ಗಾಡಿ ಶುರುವಾಯಿತು. ಈ ಸಲ ಕೊನೆಗೆ ತೆಗೆದಿಟ್ಟದ್ದು ಅಮ್ಮನನ್ನು. ಹಾಗಾಗಿ ಅಪರಾಧವೂ ಅವಳದೇ ಆಯಿತು.

ಅಲ್ಲಿಂದ ಅಪ್ಪ ಅಮ್ಮನನ್ನು ಹಿಂದಿನ ಸೀಟಿನ ಮೂಲೆಯಲ್ಲಿ ಕೂರಿಸಿ, ಯಾವುದನ್ನೂ ಮುಟ್ಟಬೇಡ ಅಂತ ಹೇಳಿ ಕರೆದುಕೊಂಡು ಹೋದರು. ಮನೆಗೆ ಬಂದ ಮೇಲೆ ಅಡುಗೆಮನೆಯ ಕ್ಯಾಲೆಂಡರ್ ಕೆಳಗಿಳಿಯಿತು. ಕಾರು ನಿಂತ ದಿನಗಳಿಗೆ ಅಪ್ಪ ಕೆಂಪು ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕುತ್ತಿದ್ದರು. ಅಮ್ಮ ತನ್ನ ದಿನಗಳಿಗೆ ಮೂಲೆಯಲ್ಲಿ ಕಾಣದಷ್ಟು ಸಣ್ಣ ಚುಕ್ಕಿ ಇಡುತ್ತಿದ್ದಳು. ಆ ಚುಕ್ಕಿಗಳು ಅವಳ ಸ್ವಂತದವು. ಅಪ್ಪ ಕನ್ನಡಕ ಹಾಕಿಕೊಂಡು, ಸ್ಕೇಲು ಹಿಡಿದು, ಎರಡನ್ನೂ ತಾಳೆ ನೋಡಿದರು. ಕೆಲವು ಕೂಡಿದವು, ಹೆಚ್ಚಿನವು ಕೂಡಲಿಲ್ಲ. ಕೂಡದಿದ್ದವನ್ನು ಬೇರೆ ಕಾರಣ ಅಂತ ಬದಿಗಿಟ್ಟರು. ಕಾರ್ಖಾನೆಯಲ್ಲಿ ಹೀಗೆ ಮಾಡಿದ್ದರೆ ಒಂದೇ ವಾರಕ್ಕೆ ಕೆಲಸ ಹೋಗುತ್ತಿತ್ತು.

"ಇನ್ಮೇಲೆ ಆ ದಿನಗಳಲ್ಲಿ ಕಾರಿನ ಹತ್ರ ಬರ್ಬೇಡ," ಅಂದರು.

"ಲಿಂಗ ಮುಟ್ಬಹುದು. ಕಾರು ಮುಟ್ಬಾರ್ದಾ?"

"ಲಿಂಗಕ್ಕೆ ಪ್ಲಗ್ ಇಲ್ಲ, ಪಾಯಿಂಟ್ ಇಲ್ಲ. ಇದು ಸೂಕ್ಷ್ಮ ಸಾಮಾನು. ವಾದ ಮಾಡ್ಬೇಡ."

ಅಮ್ಮ ವಾದ ಮಾಡಲಿಲ್ಲ. ಕ್ಯಾಲೆಂಡರ್ ಮೊಳೆಗೆ ನೇತುಹಾಕಿ ಬಂದು ಸಾರು ಬಿಸಿ ಮಾಡಿದಳು. ಆಮೇಲೆ ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುವುದನ್ನು ಬಿಟ್ಟಳು. ಆಗ ಅಪ್ಪ ಬಾಯಿಬಿಟ್ಟು ಕೇಳಲು ಶುರು ಮಾಡಿದರು. ಎಲ್ಲಿಗೆ ಹೊರಟರೂ ಮೊದಲು ಎಣ್ಣೆ ನೋಡುವುದು, ನೀರು ನೋಡುವುದು, ಆಮೇಲೆ ಅಮ್ಮನನ್ನು ಕೇಳುವುದು. ಹೌದು ಅಂದರೆ ಅವಳು ಬಸ್ಸಿಗೆ. ಸಾಲಿನ ಹೆಂಗಸರಿಗೆ ಇದರಿಂದ ಒಂದು ಬಗೆಯ ಸಮಾಧಾನವಾಯಿತು. ಅಂತೂ ನೀವೂ ನಮ್ಮಂಗೇ ಆದ್ರಲ್ಲ ಅಂದರು.

ಊರಬಾಗಿಲಿನ ಬೇವಿನ ಮರದ ಕೆಳಗೆ ಅಮೀರ್ ಭಾಯ್ ಅನ್ನುವ ಮೆಕ್ಯಾನಿಕ್ ಇದ್ದರು. ಬಿಳಿ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಚಕ್ರಕ್ಕೆ ಗಾಳಿ ಹಾಕಿಸಲು ಹೋದಾಗ ಒಮ್ಮೆ ಅಪ್ಪ ಬಾನೆಟ್ ಎತ್ತಿ, ಸುಮ್ಮನೆ ಮಾತಿಗೆ ಎನ್ನುವಂತೆ, ಕೇಳಿದರು. ಅಮೀರ್ ಭಾಯ್ ಏನನ್ನೂ ಬಿಚ್ಚಲಿಲ್ಲ. ಓಡಿ ಬಂದ ಗಾಡಿಯ ಕಾಯಿಲಿನ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದರು.

"ಸಾರ್, ಈ ಕಾಯಿಲ್ ನಿಮ್ ಗಾಡಿದು ಅಲ್ಲ. ಗರಂ ಆಯ್ತದೆ, ಕರೆಂಟ್ ಬಿಡ್ತದೆ. ತಣ್ಣಗಾದ್ರೆ ಮತ್ತೆ ಕೊಡ್ತದೆ. ಬದಲಾಯಿಸ್ಬಿಡಿ."

"ಆ ಕಾಯಿಲ್ ನಾನು ಟೆಸ್ಟ್ ಮಾಡಿ ಹಾಕಿರೋದು," ಅಂದರು ಅಪ್ಪ.

"ತಣ್ಣಗಿದ್ದಾಗ ಟೆಸ್ಟ್ ಮಾಡಿದ್ರೆ ಸರೀನೇ ಇರ್ತದೆ ಸಾರ್."

ಅಪ್ಪ ಬಾನೆಟ್ ಮುಚ್ಚಿದರು. ಗಾಡಿ ಮನೆ ಕಡೆ ತಿರುಗಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಮರದ ಕೆಳಗಿನ ಮೆಕ್ಯಾನಿಕ್ ನನಗೆ ಹೇಳಿಕೊಡ್ತಾನೆ ಅಂತ ಕೊನೆಗೆ ಒಂದು ಮಾತು ಬಂತು. ಅಷ್ಟೇ, ಆ ಮಾತು ಅಲ್ಲಿಗೆ ಮುಗಿಯಿತು.

ನಾನು ಪಕ್ಕದಲ್ಲಿ ಕೂತಿದ್ದೆ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಅಮ್ಮನ ಕೆಲಸ ನನಗೆ ಬಂದಿತ್ತು. ವೈರು ಹಿಡಿಯುವವಳು ಈಗ ನಾನು. ಮುಂದಿನ ಸೀಟು ನನ್ನದು. ಫಿಲ್ಲರ್ ಗೇಜಿನ ಯಾವ ಎಸಳು ಪಾಯಿಂಟಿಗೆ, ಯಾವುದು ಪ್ಲಗ್ಗಿಗೆ ಅಂತ ಹನ್ನೆರಡು ವರ್ಷಕ್ಕೇ ನನಗೆ ಗೊತ್ತಿತ್ತು. ಕಿಡಿ ಹಳದಿ ಇದ್ದರೆ ನಿಶ್ಶಕ್ತಿ, ನೀಲಿ ಇದ್ದರೆ ಗಟ್ಟಿ ಅಂತ ಗೊತ್ತಿತ್ತು. ನನ್ನ ಕೈ ನಡುಗಲ್ಲ ಅಂತ ಅಪ್ಪ ಬೇರೆಯವರ ಮುಂದೆ ಹೇಳುತ್ತಿದ್ದರು. ಯಾರಿಗೂ ಸುಲಭವಾಗಿ ಸರಿ ಎನ್ನುವ ಮುದ್ರೆ ಒತ್ತದ ಮನುಷ್ಯ ನನಗೆ ಒತ್ತಿದ್ದರು. ಅಮ್ಮ ಎಂಟನೇ ಮೈಲಿಯ ಸ್ಟಾಪಿನಲ್ಲಿ ಬಸ್ಸಿಗೆ ನಿಂತಿರುವಾಗ ನಾನು ಕಿಟಕಿಗೆ ಮೊಣಕೈ ಕೊಟ್ಟು ಕೂತು ಹೋಗುತ್ತಿದ್ದೆ. ನನಗೆ ಬೇಸರವಾಗುತ್ತಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ಖುಷಿಯಾಗುತ್ತಿತ್ತು.

ಅದಕ್ಕೇ, ಹದಿಮೂರಕ್ಕೆ ನಾನು ದೊಡ್ಡವಳಾದಾಗ ಯಾರಿಗೂ ಹೇಳಲಿಲ್ಲ. ಶಾಲೆಯ ಗೆಳತಿಯರಿಂದ ಎಲ್ಲ ತಿಳಿದಿತ್ತು, ಹೆದರಲಿಲ್ಲ. ಬಚ್ಚಲಲ್ಲಿ ನಿಂತು ಮೊದಲು ಬಂದ ಯೋಚನೆ, ಇನ್ನು ವೈರು ಯಾರು ಹಿಡೀತಾರೆ ಅಂತ. ಕಾರು ಒರೆಸಲು ಅಪ್ಪ ಕಾರ್ಖಾನೆಯಿಂದ ಬನಿಯನ್ ಬಟ್ಟೆಯ ತುಂಡುಗಳ ಗಂಟು ತರುತ್ತಿದ್ದರು. ಬಿಳಿ, ಮೆತ್ತನೆ, ಹೊಸವು. ಅದರಿಂದ ನಾಲ್ಕು ತುಂಡು ಕದ್ದೆ. ತೊಳೆದದ್ದನ್ನು ಶೆಡ್ಡಿನ ಹಿಂದೆ ತಗಡಿನ ಮರೆಯಲ್ಲಿ ಒಣಗಿಸಿದೆ. ಅಲ್ಲಿ ಬನಿಯನ್ ತುಂಡು ನೇತಾಡಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಅದಾಗಿ ಎರಡನೇ ದಿನ ಸಂಜೆ ಮುನಿಯಮ್ಮನವರ ಮನೆಗೆ ಫೋನ್ ಬಂತು. ಅಮ್ಮನ ಅವ್ವನಿಗೆ, ನನ್ನ ಅಜ್ಜಿಗೆ, ತೀರಾ ಸೀರಿಯಸ್ಸು. ತುಮಕೂರಿನ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ಅಮ್ಮ ಆಗಲೇ ಬ್ಯಾಗಿಗೆ ಸೀರೆ ತುಂಬಿದಳು.

"ಈಗ್ಲೇ ಬಸ್ಸಿಗೆ ಹೋಗ್ತೀನಿ ಕಣ್ರೀ."

"ಈ ಹೊತ್ತಲ್ಲಿ ಒಬ್ಳೇ ಎಲ್ಲಿ ಇಳೀತೀಯ, ಎಲ್ಲಿ ನಡೀತೀಯ? ಬೆಳಿಗ್ಗೆ ಐದಕ್ಕೆ ಕಾರಲ್ಲಿ ಹೊರಟ್ರೆ ಎಂಟಕ್ಕೆ ಊರಲ್ಲಿರ್ತೀವಿ."

ಅಮ್ಮ ಬ್ಯಾಗನ್ನು ಬಾಗಿಲ ಹತ್ತಿರ ಇಟ್ಟಳು. ಆಷಾಢದ ಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಐದಕ್ಕೆ ಅಪ್ಪ ಬಾನೆಟ್ ಎತ್ತಿದರು. ನಾನು ವೈರು ಹಿಡಿದೆ, ಒಳ್ಳೇ ನೀಲಿ ಕಿಡಿ. ಅಮ್ಮ ಬ್ಯಾಗ್ ಹಿಡಿದು ಬಂದವಳು ಶೆಡ್ಡಿನ ಒಳಗೆ ಕಾಲಿಡಲಿಲ್ಲ.

"ರೀ, ನಂದು ಶುರುವಾಗಿದೆ."

ಅಪ್ಪ ಬಾನೆಟ್ ಮುಚ್ಚಿದರು. "ಇವತ್ತೇನಾ?"

"ಈಗ ಎದ್ದಾಗ."

ಅವಳು ಹೇಳದೆ ಇರಬಹುದಿತ್ತು. ಅವತ್ತು ಅಪ್ಪ ಕೇಳಿಯೂ ಇರಲಿಲ್ಲ. ಎಷ್ಟೋ ಕಾಲದ ಮೇಲೆ ನನಗೆ ಅರ್ಥವಾಯಿತು, ಒಂದು ವರ್ಷ ಬಸ್ಸಿನಲ್ಲಿ ಓಡಾಡಿದ ಮೇಲೆ ಅವಳಿಗೂ ಆ ಹೆದರಿಕೆ ಹತ್ತಿಕೊಂಡಿತ್ತು. ತನ್ನಿಂದ ಕಾರು ನಿಂತುಬಿಟ್ಟರೆ, ತನ್ನ ಅವ್ವನ ಹತ್ತಿರ ಯಾರೂ ಹೋಗುವುದಿಲ್ಲವಲ್ಲ ಅಂತ. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ ಹೆಂಗಸಿನೊಳಗೆ ಅಪ್ಪ ಅಷ್ಟು ಮಾಡಿದ್ದರು.

"ದಾರೀಲಿ ನಿಂತ್ಬಿಟ್ರೆ ಯಾರೂ ಊರು ಮುಟ್ಟಲ್ಲ," ಅಂದರು ಅಪ್ಪ. "ನೀನು ಬಸ್ಸಲ್ಲಿ ಬಾ. ಅರ್ಧ ಗಂಟೆ ಹಿಂದೆ ಮುಂದೆ, ಅಷ್ಟೆ ತಾನೆ?"

ಅಮ್ಮ ನನ್ನ ಕಡೆ ತಿರುಗಿದಳು. "ಸುಮಾ ಹೋಗ್ಲಿ. ಅವ್ವಂಗೆ ನಮ್ಮೋರು ಒಬ್ರಾದ್ರೂ ಸಿಗ್ಲಿ."

ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ನಂದೂ ಆಗಿದೆ ಅಂದಿದ್ದರೆ ಸಾಕಾಗಿತ್ತು. ಅಪ್ಪ ಇಬ್ಬರನ್ನೂ ಬಿಟ್ಟು ಒಬ್ಬರೇ ಹೋಗುತ್ತಿದ್ದರೋ, ಇಲ್ಲವೇ ಎರಡು ದಿನದಿಂದ ಮುಟ್ಟಾದವಳೇ ವೈರು ಹಿಡಿದಿದ್ದಾಳೆ, ಕಿಡಿ ನೀಲಿಯಾಗೇ ಇದೆ ಅಂತ ಅವರ ಲೆಕ್ಕಾಚಾರವೇ ಮುರಿದುಬೀಳುತ್ತಿತ್ತೋ. ಎರಡರಲ್ಲಿ ಯಾವುದಾದರೂ ಆಗುತ್ತಿತ್ತು. ನಾನು ಮುಂದಿನ ಬಾಗಿಲು ತೆಗೆದು ಕೂತೆ.

ಅಮ್ಮ ನಡೆದು ಹೋದಳು. ನಾವು ಪೆಟ್ರೋಲ್ ಹಾಕಿಸಿಕೊಂಡು ತುಮಕೂರು ರಸ್ತೆಗೆ ಬಂದಾಗ ಎಂಟನೇ ಮೈಲಿಯ ಸ್ಟಾಪಿನಲ್ಲಿ ಅವಳು ಕಂಡಳು. ಗಾಳಿಗೆ ಸೆರಗು ತಲೆಗೆ ಸುತ್ತಿಕೊಂಡು, ಬೆಂಗಳೂರಿನ ಕಡೆಯಿಂದ ಬರುವ ಬಸ್ಸನ್ನು ನೋಡುತ್ತಾ ನಿಂತಿದ್ದಳು. ದೂರದ ಊರಿನ ಬಸ್ಸುಗಳು ಅಲ್ಲಿ ನಿಲ್ಲಿಸುವುದು ಕಂಡಕ್ಟರನ ಮನಸ್ಸಿಗೆ ಬಂದರೆ ಮಾತ್ರ. ಅಪ್ಪ ಹಾರ್ನ್ ಹೊಡೆದರು. ಗುರುತಿನವರಿಗೆ ಹೊಡೆಯುವ ಹಾಗೆ, ಎರಡು ಸಲ. ಹಿಂದಿನ ಸೀಟಿನಲ್ಲಿ ಒಂದು ಫ್ಲಾಸ್ಕು, ಕಿತ್ತಳೆಹಣ್ಣಿನ ಒಂದು ಚೀಲ ಬಿಟ್ಟರೆ ಏನೂ ಇರಲಿಲ್ಲ.

ಆ ದಿನ ಕಾರು ಒಂದು ಸಲವೂ ಕೆಮ್ಮಲಿಲ್ಲ. ನೆಲಮಂಗಲ, ಡಾಬಸ್‌ಪೇಟೆ, ತುಮಕೂರು, ಎಲ್ಲ ಹಿಂದೆ ಹೋದವು. ಆ ಹುಣಸೇಮರವೂ ಹೋಯಿತು. ದಾರಿಯುದ್ದಕ್ಕೂ ಮೋಡ, ತಣ್ಣನೆ ಗಾಳಿ. ನಾನು ಬಟ್ಟೆ ಸರಿಮಾಡಿಕೊಳ್ಳುತ್ತಾ ಕೂತಿದ್ದೆ. ಪ್ರತಿ ಏರಿನಲ್ಲೂ ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾದೆ. ಶಿರಾ ಹತ್ತಿರ ಬಂದಾಗ ನಿಲ್ಲಲಿ ಅಂತ ಬೇಡಿಕೊಂಡೆ. ನಿಂತರೆ ಅಪ್ಪನ ಮಾತು ನಿಜವಾಗುತ್ತಿತ್ತು, ನಾನು ಒಪ್ಪಿಕೊಂಡು ಅತ್ತುಬಿಡಬಹುದಿತ್ತು. ಎಂಟು ಗಂಟೆಗೆ ಹತ್ತು ನಿಮಿಷ ಇರುವಾಗ ಅಜ್ಜಿಯ ಮನೆಯ ಮುಂದೆ ಇದ್ದೆವು.

"ನೋಡಿದ್ಯಾ?" ಅಂದರು ಅಪ್ಪ ಸ್ಟೇರಿಂಗ್ ತಟ್ಟಿ. "ಹೇಳಿರ್ಲಿಲ್ವಾ?"

ಅಜ್ಜಿಗೆ ಎಚ್ಚರ ಇತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಮಲಗಿಸಿದ್ದರು. ಅಪ್ಪನನ್ನು ನೋಡಿ ಸೆರಗು ಹುಡುಕಿದರು. ಅಳಿಯನ ಮುಂದೆ ತಲೆ ಮೇಲೆ ಸೆರಗಿರಬೇಕು. ನನ್ನ ಗಲ್ಲ ಸವರಿದರು. ಆಮೇಲೆ ಬಾಗಿಲ ಕಡೆ ನೋಡಿದರು.

"ಗಿರಿಜಿ ಬರ್ನಿಲ್ವಾ?"

"ಹಿಂದೆ ಬಸ್ಸಲ್ಲಿ ಬರ್ತಾ ಇದ್ದಾಳೆ," ಅಂದರು ಅಪ್ಪ.

ಅಜ್ಜಿ ಅದನ್ನು ಯೋಚಿಸಿದರು. ಉಸಿರು ಎಳೆದುಕೊಂಡು ನಿಧಾನವಾಗಿ ಕೇಳಿದರು.

"ಯಾಕೆ, ಕಾರ್ನಾಗೆ ಜಾಗ ಇರ್ನಿಲ್ವಾ?"

"ಇರ್ಲಿಲ್ಲ," ಅಂದರು ಅಪ್ಪ.

ಅಜ್ಜಿ ನನ್ನ ಮುಖ ನೋಡಿದರು. ನಾನು ಕಿತ್ತಳೆಹಣ್ಣು ಸುಲಿಯಲು ಶುರು ಮಾಡಿದೆ. ಅಜ್ಜಿ ಎರಡು ಸಲ ಮತ್ತೆ ಬಾಗಿಲ ಕಡೆ ನೋಡಿದರು. ಹತ್ತು ಗಂಟೆಯ ಹೊತ್ತಿಗೆ ಹೋದರು. ಅಮ್ಮ ಬಂದದ್ದು ಹನ್ನೊಂದೂವರೆಗೆ. ಮೂರು ಬಸ್ಸು ನಿಲ್ಲಿಸದೆ ಹೋಗಿದ್ದವು, ತುಮಕೂರಿನಲ್ಲಿ ಇಳಿದು ಇನ್ನೊಂದು ಹಿಡಿಯಬೇಕಾಯಿತು, ಹೆದ್ದಾರಿಯಿಂದ ನಡೆದು ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳಿಗೆ ಕಂಡದ್ದು ವಿಭೂತಿ ಹಚ್ಚಿ, ಹೂವು ಹಾಕಿ, ಕೂರಿಸಿಟ್ಟ ಅವ್ವ. ಅಮ್ಮ ಜೋರಾಗಿ ಅಳಲಿಲ್ಲ. ಅವ್ವನ ಪಾದದ ಹತ್ತಿರ ಕೂತು ನನ್ನನ್ನು ಹತ್ತಿರ ಕರೆದಳು.

"ಅವ್ವ ಏನಾದ್ರೂ ಅಂದ್ಲಾ?"

"ಏನೂ ಅನ್ನಲಿಲ್ಲ," ಅಂದೆ. ಅಜ್ಜಿ ಕೇಳಿದ ಆ ಪ್ರಶ್ನೆಯನ್ನು ಅಮ್ಮ ಸಾಯುವವರೆಗೂ ನಾನು ಅವಳಿಗೆ ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೂರು ದಿನ ಬಿಟ್ಟು ನಾವು ಹೊರಟೆವು. ಈಗ ಕಾರಲ್ಲೇ ಬಾ ಅಂತ ಅಪ್ಪ ಕರೆದರು. ಅಮ್ಮ ಇನ್ನೂ ಎರಡು ದಿನ ಇದ್ದು ಬಸ್ಸಲ್ಲಿ ಬರುತ್ತೇನೆ ಅಂದಳು. ಅವತ್ತು ಮೋಡ ಒಡೆದು ಬಿಸಿಲು ಬಿದ್ದಿತ್ತು. ತುಮಕೂರು ದಾಟುತ್ತಿದ್ದಂತೆ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ನಾನು ವೈರು ಹಿಡಿಯಲು ಇಳಿದೆ. ಅಪ್ಪ ಬೇಡ ಅಂದರು. ಪೆಟ್ರೋಲು ನೋಡಲಿಲ್ಲ, ಪ್ಲಗ್ಗು ಬಿಚ್ಚಲಿಲ್ಲ. ಡಿಕ್ಕಿಯಿಂದ ಬನಿಯನ್ ಬಟ್ಟೆಯ ತುಂಡೊಂದನ್ನು ತೆಗೆದು, ಫ್ಲಾಸ್ಕಿನಲ್ಲಿದ್ದ ನೀರಲ್ಲಿ ಅದ್ದಿ, ನೇರವಾಗಿ ಕಾಯಿಲಿಗೆ ಸುತ್ತಿದರು. ಹಬೆ ಎದ್ದಿತು. ಇನ್ನೊಮ್ಮೆ ಅದ್ದಿ ಸುತ್ತಿದರು. ಹತ್ತು ನಿಮಿಷ ರಸ್ತೆ ನೋಡುತ್ತಾ ನಿಂತರು. ಕೀ ತಿರುಗಿಸಿದರೆ ಗಾಡಿ ಶುರುವಾಯಿತು.

ಎಷ್ಟು ದಿನದಿಂದ ಗೊತ್ತಿತ್ತು ಅಂತ ನಾನು ಕೇಳಲಿಲ್ಲ. ಆ ಕೈಯ ಅಭ್ಯಾಸ ನೋಡಿದರೆ ಅದು ಮೊದಲ ಸಲ ಆಗಿರಲಿಲ್ಲ.

"ಅಮ್ಮಂಗೆ ಹೇಳ್ಬೇಡ," ಅಂದರು ಗೇರ್ ಹಾಕುತ್ತಾ.

ಮುಂದಿನ ವಾರ ಕಾರಿಗೆ ಹೊಸ ಕಾಯಿಲು ಬಂತು. ಆಮೇಲೆ ಕಾರು ದಾರಿಯಲ್ಲಿ ನಿಂತದ್ದು ನೆನಪಿಲ್ಲ. ನಿಯಮ ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆಯಬೇಕಾದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು.

ಒಂದು ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನ ಅಪ್ಪ ಎಲ್ಲೋ ಹೋಗಿದ್ದರು. ಅಮ್ಮ ಒಗೆಯುವ ಕಲ್ಲಿನ ಹತ್ತಿರ ಇದ್ದವಳು ಶೆಡ್ಡಿನ ಹಿಂದೆ ಹೋಗಿ ತಗಡಿನ ಮರೆಯಿಂದ ಬನಿಯನ್ ತುಂಡೊಂದನ್ನು ಹಿಡಿದುಕೊಂಡು ಬಂದಳು. ಬೆಳಕಿಗೆ ಹಿಡಿದು ಕಲೆ ನೋಡಿದಳು. ಎಣ್ಣೆಯ ಕಲೆ ಯಾವುದು, ಇದು ಯಾವುದು ಅಂತ ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಅವಳ ಮುಖ ಅರಳಿತು. ತಿಂಗಳ ಮೇಲೆ ಅವಳು ನಕ್ಕದ್ದನ್ನು ಅವತ್ತೇ ನಾನು ನೋಡಿದ್ದು.

"ಹುಚ್ಚಿ, ಹೇಳ್ಬಾರ್ದಾ? ಯಾವತ್ತಿಂದ? ಇದೇ ಮೊದ್ಲಾ?"

"ಇದು ಎರಡನೇದು."

"ಮೊದ್ಲು ಯಾವಾಗ ಆಯ್ತು?"

ಸುಳ್ಳು ಹೇಳಲು ಸಮಯ ಇತ್ತು. ಆದರೆ ಅವಳ ನಗುವನ್ನು ನೋಡುತ್ತಾ ನನಗೆ ಆಗಲಿಲ್ಲ.

"ಅಜ್ಜಿ ಊರಿಗೆ ಹೋಗೋದಕ್ಕೆ ಎರಡು ದಿನ ಮುಂಚೆ."

ಅಮ್ಮ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಳು. ದಿನಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದದ್ದು ಅವಳ ತುಟಿಯಲ್ಲಿ ಕಾಣುತ್ತಿತ್ತು. ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ಕಾಯಿಲು, ಒದ್ದೆ ಬಟ್ಟೆ, ಅಪ್ಪ ಹೇಳಬೇಡ ಅಂದದ್ದು. ಆ ಭಾಗಕ್ಕೆ ಅವಳು ಹೆಚ್ಚು ಕಿವಿ ಕೊಡಲಿಲ್ಲ. ಅಪ್ಪನ ಮೇಲೆ ಸಿಟ್ಟು ಬರುತ್ತದೆ, ದೊಡ್ಡ ಜಗಳ ಆಗುತ್ತದೆ, ಅದರ ಗದ್ದಲದಲ್ಲಿ ನನ್ನದು ಮುಚ್ಚಿಹೋಗುತ್ತದೆ ಅಂತ ನಾನು ಎಣಿಸಿದ್ದೆ.

ಅಮ್ಮ ಎದ್ದು ಒಳಗೆ ಹೋದಳು. ಡಬ್ಬಿ ತೆಗೆದ ಸದ್ದು, ಕೊಬ್ಬರಿ ಜಜ್ಜಿದ ಸದ್ದು ಕೇಳಿಸಿತು. ದೊಡ್ಡವಳಾದ ಹುಡುಗಿಗೆ ಕೊಬ್ಬರಿ ಬೆಲ್ಲ ಕೊಡಬೇಕು, ಹೊಸ ಬಟ್ಟೆ ಉಡಿಸಿ ಆರತಿ ಎತ್ತಬೇಕು, ಅಜ್ಜಿ ಇದ್ದರೆ ಅಜ್ಜಿಯೇ ಎತ್ತಬೇಕು. ಅಮ್ಮ ತಟ್ಟೆ ಹಿಡಿದು ಬಂದು ನನ್ನ ಕೈಯನ್ನು ಬಿಡಿಸಿ ಒಂದು ಹಿಡಿ ಕೊಬ್ಬರಿ ಬೆಲ್ಲ ಇಟ್ಟಳು. ನನ್ನ ಹಣೆಯ ಕೂದಲು ಸರಿಸಿದಳು.

"ಅವರ ಬುದ್ಧಿ ನಂಗೆ ಗೊತ್ತಿದ್ದದ್ದೇ," ಅಂದಳು. "ನೀನು ಹೇಳ್ಬಹುದಿತ್ತು."

ನಾನು ಕೊಬ್ಬರಿ ಬೆಲ್ಲ ಹಿಡಿದೇ ನಿಂತಿದ್ದೆ.

"ತಿನ್ನು," ಅಂದಳು. ತಿಂದೆ.